ಹಾಲೊಗ್ರಾಮ್ ಕೊಳ್ಳುವವರು ಅದರ ಬೆಳಕನ್ನೂ ಕೇಳಿ ಪಡೆಯಬೇಕು

ಓರೆಬೆಳಕು:

ವಸ್ತುವಿನ ಬಿಂಬವನ್ನು ಆಳದ ಸಮೇತ ತೋರಿಸುವ ಹಳೆಯ ಹಾಲೊಗ್ರಾಮ್‌ಗಳು ಒಬ್ಬರ ಸಂಗ್ರಹದಿಂದ ಇನ್ನೊಬ್ಬರ ಸಂಗ್ರಹಕ್ಕೆ ದಾಟುವ ರೀತಿ ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಗಾಜಿನ ಫಲಕ ಬರುತ್ತದೆ, ಕೆಲವೊಮ್ಮೆ ಫ್ರೇಮ್ ಕೂಡ ಬರುತ್ತದೆ. ಕಲಾವಿದರ ಸಹಿ, ವರ್ಷ, ಒಟ್ಟು ಪ್ರತಿಗಳಲ್ಲಿ ಇದು ಎಷ್ಟನೆಯದು ಎಂಬ ಬರಹ ಇರುತ್ತದೆ. ಯಾವ ದೀಪ ಬೇಕು, ಅದು ಎಷ್ಟು ದೂರದಲ್ಲಿರಬೇಕು, ಬೆಳಕು ಮೇಲಿನಿಂದ ಬೀಳಬೇಕೋ ಕೆಳಗಿನಿಂದಲೋ ಎಂಬುದರ ಬಗ್ಗೆ ಮಾತ್ರ ಒಂದಕ್ಷರವೂ ಇರುವುದಿಲ್ಲ. ಆ ಮಾಹಿತಿ ಕಳೆದುಹೋದ ಫಲಕವನ್ನು ನಾನು ಅರ್ಧ ಕೃತಿ ಎಂದೇ ಎಣಿಸುತ್ತೇನೆ. ಕೊಳ್ಳುವವರು ಸಹಿಗೆ ಪಟ್ಟು ಹಿಡಿಯುವಷ್ಟೇ ಬೆಳಕಿನ ವಿವರಕ್ಕೂ ಪಟ್ಟು ಹಿಡಿಯಬೇಕು.

ಕಾರಣ ಹಾಲೊಗ್ರಾಮಿನ ಹುಟ್ಟಿನಲ್ಲೇ ಇದೆ. ವಸ್ತುವಿನಿಂದ ಚದುರಿ ಬಂದ ಲೇಸರ್ ಬೆಳಕು, ವಸ್ತುವನ್ನು ಮುಟ್ಟದೆ ಬಂದ ಅದೇ ಲೇಸರಿನ ಇನ್ನೊಂದು ಪಾಲಿನೊಡನೆ ಫಲಕದ ಮೇಲೆ ಕೂಡುತ್ತದೆ. ಎರಡು ಅಲೆಗಳು ಕೂಡಿ ಕೆಲವೆಡೆ ಬಲಗೊಂಡು ಕೆಲವೆಡೆ ಅಳಿಸಿಹೋಗುವುದಕ್ಕೆ ವ್ಯತಿಕರಣ ಎನ್ನುತ್ತಾರೆ. ಆಗ ಉಂಟಾಗುವ ವ್ಯತಿಕರಣದ ಗೆರೆಗಳಷ್ಟೇ ಅಲ್ಲಿ ದಾಖಲಾಗುತ್ತವೆ. ಒಂದು ಮಿಲಿಮೀಟರಿನಲ್ಲಿ ಸಾವಿರಕ್ಕೂ ಹೆಚ್ಚು ಗೆರೆಗಳು ಇರಬಹುದು. ಸೂಕ್ಷ್ಮದರ್ಶಕದಡಿ ಇಟ್ಟು ಹುಡುಕಿದರೂ ಅಲ್ಲಿ ಮುಖ ಸಿಗುವುದಿಲ್ಲ, ಮರ ಸಿಗುವುದಿಲ್ಲ. ವಸ್ತುವನ್ನು ಮುಟ್ಟದೆ ಬಂದ ಕಿರಣದ ಹಾದಿಯಲ್ಲೇ ಮತ್ತೆ ಬೆಳಕು ಬಿದ್ದರೆ, ಅಂದು ವಸ್ತುವಿನಿಂದ ಹೊರಟಿದ್ದ ಅಲೆ ಇಂದು ಮತ್ತೆ ಹೊರಡುತ್ತದೆ. ಡೆನಿಸ್ ಗಬೋರ್ 1947ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಸುಧಾರಿಸಲು ಹೊರಟಾಗ ಕಂಡುಕೊಂಡ ತತ್ವ ಇದು. ಅವರಿಗೆ 1971ರ ನೊಬೆಲ್ ಪ್ರಶಸ್ತಿ ಬಂದದ್ದೂ ಇದಕ್ಕಾಗಿಯೇ.

ನಿಮ್ಮ ಸಂಗ್ರಹದಲ್ಲಿರುವ ಫಲಕಗಳಿಗೆ ಬೆಳಕಿನ ವಿವರವನ್ನು ಹೇಗೆ ಬರೆದಿಟ್ಟಿದ್ದೀರಿ? ಪ್ರದರ್ಶನಕ್ಕೆ ಎರವಲು ಕೊಡುವಾಗ ಏನೇನು ಷರತ್ತು ಹಾಕುತ್ತೀರಿ?

ಗಾಜುಫಲಕ:

ಓರೆಬೆಳಕು ಅವರೇ, ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಎಲ್ಲ ಹಾಲೊಗ್ರಾಮ್‌ಗಳಿಗೂ ಒಂದೇ ನಿಯಮ ಹೇಳಲು ಬರುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಎಮೆಟ್ ಲೀತ್ ಮತ್ತು ಜೂರಿಸ್ ಉಪಾಟ್ನಿಯೆಕ್ಸ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಬಗೆಯವು ಹಾಯುಬೆಳಕಿನ ಹಾಲೊಗ್ರಾಮ್‌ಗಳು. ಫಲಕದ ಹಿಂದಿನಿಂದ ಲೇಸರ್ ಬೆಳಕು ಹಾಯ್ದರೇ ಬಿಂಬ ನೆಟ್ಟಗೆ ಕಾಣುವುದು. 1964ರಲ್ಲಿ ಅವರು ತೋರಿಸಿದ ಆಟಿಕೆ ರೈಲಿನ ಹಾಲೊಗ್ರಾಮ್ ನೋಡಲು ವಿಜ್ಞಾನಿಗಳೇ ಸರದಿಯಲ್ಲಿ ನಿಂತಿದ್ದರು. ಆಳದ ವಿಷಯದಲ್ಲಿ ಈ ಬಗೆಯನ್ನು ಮೀರಿಸುವುದು ಇಂದಿಗೂ ಕಷ್ಟ. ಗಾಜಿನ ಹಿಂದೆ ಇಡೀ ಕೋಣೆಯೇ ತೆರೆದುಕೊಳ್ಳುತ್ತದೆ.

ಯೂರಿ ಡೆನಿಸ್ಯುಕ್ 1962ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕಿರಣ ಒಂದೇ. ಅದು ಫಲಕವನ್ನು ಹಾಯ್ದು, ಹಿಂದಿರುವ ವಸ್ತುವಿಗೆ ತಾಗಿ, ಚದುರಿ ಮರಳುತ್ತದೆ. ಹೋಗುವ ಬೆಳಕೂ ಮರಳುವ ಬೆಳಕೂ ಎದುರಾಗುವುದರಿಂದ ಎಮಲ್ಷನ್, ಅಂದರೆ ಗಾಜಿನ ಮೇಲೆ ಬಳಿದ ಬೆಳಕಿಗೆ ಮಿಡಿಯುವ ಪದರದ ಒಳಗೆ ಹಾಳೆ ಜೋಡಿಸಿದಂತೆ ತೆಳುವಾದ ಪದರಗಳು ಮೂಡುತ್ತವೆ. ಆ ಪದರಗಳೇ ಬಿಳಿ ಬೆಳಕಿನಿಂದ ತಮಗೆ ಬೇಕಾದ ಬಣ್ಣವನ್ನು ಆರಿಸಿಕೊಳ್ಳುವುದರಿಂದ ನೋಡಲು ಲೇಸರ್ ಬೇಕಿಲ್ಲ, ಮುಂದಿನಿಂದ ಬೀಳುವ ಒಂದು ಚಿಕ್ಕ ತೀಕ್ಷ್ಣ ದೀಪ ಸಾಕು. ಸೋವಿಯತ್ ವಸ್ತುಸಂಗ್ರಹಾಲಯಗಳ ನಿಧಿಗಳನ್ನು ಈ ವಿಧಾನದಲ್ಲಿ ದಾಖಲಿಸಿ ಊರೂರಿಗೆ ಕಳುಹಿಸಿದ್ದರು.

ಮೂರನೆಯದು ಸ್ಟೀಫನ್ ಬೆಂಟನ್ 1968ರಲ್ಲಿ ಪೊಲರಾಯ್ಡ್ ಸಂಸ್ಥೆಯಲ್ಲಿದ್ದಾಗ ರೂಪಿಸಿದ ಕಾಮನಬಿಲ್ಲಿನ ಹಾಲೊಗ್ರಾಮ್. ಎಡಬಲಕ್ಕೆ ಸರಿದರೆ ವಸ್ತುವಿನ ಪಕ್ಕಗಳು ಕಾಣುತ್ತವೆ. ತಲೆಯನ್ನು ಮೇಲೆ ಕೆಳಗೆ ಮಾಡಿದರೆ ನೋಟ ಬದಲಾಗದೆ ಬಣ್ಣ ಮಾತ್ರ ಬದಲಾಗುತ್ತದೆ. ಹಿಂದೆ ಕನ್ನಡಿ ಅಂಟಿಸಿದ್ದರೆ ದೀಪ ಮುಂದೆ, ಇಲ್ಲದಿದ್ದರೆ ದೀಪ ಹಿಂದೆ.

ಡೆನಿಸ್ಯುಕ್ ಫಲಕ ತೂಗುಹಾಕುವಾಗ ನಾನು ಮಾಡುವುದು ಹೀಗೆ. ಕೋಣೆಯನ್ನು ಕತ್ತಲು ಮಾಡಿ, ಫಲಕವನ್ನು ನೆಟ್ಟಗೆ ನಿಲ್ಲಿಸಿ, ನೋಡುವವರ ಜಾಗದಲ್ಲಿ ಒಬ್ಬರನ್ನು ನಿಲ್ಲಿಸುತ್ತೇನೆ. ಒಂದೇ ಚಿಕ್ಕ ಎಲ್‌ಇಡಿ ಇರುವ ಟಾರ್ಚನ್ನು ಫಲಕದ ಮೇಲ್ತುದಿಯಿಂದ ಶುರುಮಾಡಿ ಕಮಾನಿನಂತೆ ನಿಧಾನವಾಗಿ ನನ್ನತ್ತ ಎಳೆಯುತ್ತೇನೆ. ಮೊದಲು ಬರಿಯ ಗಾಜು, ನಂತರ ಮಸುಕು ಹಸಿರು, ಆಮೇಲೆ ಇದ್ದಕ್ಕಿದ್ದಂತೆ ವಸ್ತು ಪೂರ್ತಿ ಎದ್ದು ನಿಲ್ಲುತ್ತದೆ. ಇನ್ನೂ ಎಳೆದರೆ ಮತ್ತೆ ಮಂಕಾಗುತ್ತದೆ. ಅತಿ ಪ್ರಕಾಶ ಕಂಡ ಜಾಗದಲ್ಲಿ ಟಾರ್ಚನ್ನು ನಿಲ್ಲಿಸಿ, ಅಲ್ಲಿಂದ ಫಲಕದ ಮಧ್ಯಕ್ಕೆ ದಾರ ಹಿಡಿದು ಕೋನವನ್ನೂ ದೂರವನ್ನೂ ಅಳೆಯುತ್ತೇನೆ. ಬಹಳಷ್ಟು ಫಲಕಗಳಲ್ಲಿ ಕೋನ 45 ಡಿಗ್ರಿಯ ಆಸುಪಾಸಿನಲ್ಲಿ ಸಿಗುತ್ತದೆ, ಆದರೆ ಅದನ್ನೇ ನಂಬಿ ಮೊಳೆ ಹೊಡೆಯಬೇಡಿ.

ಹೊಸಕಣ್ಣು:

ನಮಸ್ಕಾರ. ನಾನು ಈಗಷ್ಟೇ ಸಂಗ್ರಹಿಸಲು ಶುರುಮಾಡಿದ್ದೇನೆ. ನನ್ನ ಬಳಿ ಇರುವ ಒಂದು ಗಾಜಿನ ಫಲಕದ ಮೇಲೆ ಯಾವ ಬರಹವೂ ಇಲ್ಲ. ನೀವು ಹೇಳಿದ ಮೂರರಲ್ಲಿ ಅದು ಯಾವುದೆಂದು ತಿಳಿಯುವುದು ಹೇಗೆ? ಇನ್ನೊಂದು ಪ್ರಶ್ನೆ: ವೇದಿಕೆಯ ಮೇಲೆ ತೀರಿಕೊಂಡ ಗಾಯಕರನ್ನು ಹಾಡಿಸುತ್ತಾರಲ್ಲ, ಆ ಹಾಲೊಗ್ರಾಮ್‌ಗಳನ್ನೂ ಯಾರಾದರೂ ಸಂಗ್ರಹಿಸುತ್ತಾರೆಯೇ?

ಗಾಜುಫಲಕ:

ವೇದಿಕೆಯ ಮೇಲಿನದು ಹಾಲೊಗ್ರಾಮ್ ಅಲ್ಲ. 2012ರಲ್ಲಿ ತೀರಿಕೊಂಡಿದ್ದ ರ‍್ಯಾಪ್ ಗಾಯಕ ಟುಪಾಕ್ ಶಕುರ್ ಅವರನ್ನು ತೋರಿಸಿದಾಗಿನಿಂದ ಆ ಹೆಸರು ಅಂಟಿಕೊಂಡಿದೆ. ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಹಾಳೆಯಲ್ಲಿ ವಿಡಿಯೊ ಪ್ರತಿಫಲಿಸುವ ಉಪಾಯ ಅದು. 1860ರ ದಶಕದಲ್ಲೇ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ಅದನ್ನು ಗಾಜಿನಿಂದ ಮಾಡಿ ತೋರಿಸಿ ಹೆಸರು ಮಾಡಿದ್ದರು. ವ್ಯತಿಕರಣ ಇಲ್ಲ, ದಾಖಲಾದ ಅಲೆ ಇಲ್ಲ. ಈ ಗೊಂದಲದಿಂದ ನಿಜವಾದ ಹಾಲೊಗ್ರಾಮ್ ಕಲಾವಿದರಿಗೆ ಆಗಿರುವ ನಷ್ಟ ದೊಡ್ಡದು. ಪ್ರದರ್ಶನಕ್ಕೆ ಬಂದವರು ನಡೆದಾಡುವ ಮನುಷ್ಯರನ್ನು ಹುಡುಕುತ್ತಾರೆ, ಗಾಜಿನೊಳಗಿನ ಆಳವನ್ನು ಸಾವಧಾನವಾಗಿ ನೋಡುವುದಿಲ್ಲ.

ಫಲಕ ಗುರುತಿಸಲು ಟಾರ್ಚ್ ಸಾಕು. ಮೊದಲು ಮುಂದಿನಿಂದ ಬೆಳಕು ಬಿಟ್ಟು ಕೋನ ಬದಲಿಸುತ್ತಾ ನೋಡಿ, ಫಲಕವನ್ನು ಒಂದೊಂದೇ ಅಂಚಿಗೆ ತಿರುಗಿಸಿ ನಾಲ್ಕೂ ಕಡೆಯಿಂದ ನೋಡಿ. ಒಂದೇ ಬಣ್ಣದ ಸ್ಪಷ್ಟ ಬಿಂಬ ಎದ್ದರೆ ಡೆನಿಸ್ಯುಕ್ ವಿಧಾನದಂತಹ ಪ್ರತಿಫಲನದ ಬಗೆ. ಏನೂ ಕಾಣದಿದ್ದರೆ ಟಾರ್ಚನ್ನು ಫಲಕದ ಹಿಂದೆ ಹಿಡಿಯಿರಿ. ತಲೆ ಮೇಲೆ ಕೆಳಗೆ ಮಾಡಿದಂತೆ ಬಿಂಬದ ಬಣ್ಣ ಕೆಂಪಿನಿಂದ ನೇರಳೆಯವರೆಗೆ ಸರಿದರೆ ಕಾಮನಬಿಲ್ಲಿನದು. ಬಣ್ಣಗಳು ಒಂದರೊಳಗೊಂದು ಕಲಸಿ ಆಕಾರ ತಿಳಿಯದಂತಾದರೆ ಅದು ಲೇಸರ್ ಬೇಡುವ ಹಾಯುಬೆಳಕಿನ ಫಲಕ. ಬಿಸಿಲು ಇವೆಲ್ಲಕ್ಕೂ ಒಳ್ಳೆಯ ಪರೀಕ್ಷೆ, ಆದರೆ ಕ್ಷಣಕಾಲ ಮಾತ್ರ ಹಿಡಿಯಿರಿ. ಫಲಕದಲ್ಲಿ ಪ್ರತಿಫಲಿಸಿದ ಸೂರ್ಯನನ್ನು ನೋಡಬೇಡಿ.

ಚಿತ್ರಶಾಲೆ:

ದೀಪ, ಕೋನ ಎಲ್ಲ ಸರಿ. ಆದರೆ ಕಲೆಯ ಮಾತು ಎಲ್ಲಿ? ಯಾವ ಕೃತಿ ಸಂಗ್ರಹಕ್ಕೆ ಯೋಗ್ಯ ಎಂಬ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ.

ತಲೆಬುರುಡೆ, ಚದುರಂಗದ ಕಾಯಿ, ನಲ್ಲಿಯಿಂದ ಮುಂದಕ್ಕೆ ಚಾಚಿದ ಹನಿ, ಇವು ಲೆಕ್ಕವಿಲ್ಲದಷ್ಟಿವೆ. ಇವುಗಳಿಂದಾಗಿಯೇ ಕಲಾ ವಿಮರ್ಶಕರು ಹಾಲೊಗ್ರಫಿಯನ್ನು ಬಹುಕಾಲ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆ ಮಾಧ್ಯಮದಿಂದ ಮಾತ್ರ ಸಾಧ್ಯವಾಗುವುದನ್ನು ಮಾಡಿದವರು ಮೊದಲಿನಿಂದಲೂ ಇದ್ದರು. ಬ್ರಿಟನ್ನಿನ ಮಾರ್ಗರೆಟ್ ಬೆನ್ಯನ್ 1968ರಿಂದಲೇ ಹಾಲೊಗ್ರಾಮ್ ಮಾಡುತ್ತಿದ್ದವರು. ಅದೇ ವರ್ಷ ಅಮೆರಿಕದಲ್ಲಿ ಬ್ರೂಸ್ ನೌಮನ್ ತನ್ನ ಮುಖವನ್ನು ಹಿಂಡಿ, ಎಳೆದು, ವಿಕಾರ ಮಾಡಿಕೊಂಡು ಹಾಲೊಗ್ರಾಮ್ ಸರಣಿ ಮಾಡಿದರು. 1972ರಲ್ಲಿ ಸಾಲ್ವಡಾರ್ ಡಾಲಿ ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿಯಲ್ಲಿ ಹಾಲೊಗ್ರಾಮ್‌ಗಳನ್ನು ಪ್ರದರ್ಶಿಸಿದರು. ಡಾಲಿಯ ಹೆಸರಿನಿಂದ ಪ್ರಚಾರ ಸಿಕ್ಕಿತು ನಿಜ, ಆದರೆ ನನಗೆ ಅವರಿಗಿಂತ ಹ್ಯಾರಿಯೆಟ್ ಕ್ಯಾಸ್ಡಿನ್-ಸಿಲ್ವರ್ ಮುಖ್ಯರು. 1977ರ 'ಇಕ್ವಿವೋಕಲ್ ಫೋರ್ಕ್ಸ್' ಕೃತಿಯಲ್ಲಿ ಮುಳ್ಳುಚಮಚಗಳು ಫಲಕವನ್ನು ಬಿಟ್ಟು ನೋಡುವವರ ಕಡೆಗೆ ಚಾಚುತ್ತವೆ. ಕೈ ಮುಂದೆ ಮಾಡಿದರೆ ಬೆರಳು ಅವುಗಳ ನಡುವೆ ಹಾಯುತ್ತದೆ. ತೀರಾ ದಿನಬಳಕೆಯ ವಸ್ತು, ಅದನ್ನು ನೋಡಿ ಹಿಂದೆ ಸರಿಯಬೇಕೋ ಮುಂದೆ ಹೋಗಬೇಕೋ ಎಂದು ಮೈ ತಡವರಿಸುತ್ತದೆ. ಆ ತಡವರಿಕೆಯನ್ನು ಬಣ್ಣದ ಚಿತ್ರವಾಗಲಿ ಕಲ್ಲಿನ ಶಿಲ್ಪವಾಗಲಿ ಕೊಡುವುದಿಲ್ಲ.

ರೂಡಿ ಬರ್ಕಾಟ್ ಅವರ ಕಾಮನಬಿಲ್ಲಿನ ಹಾಲೊಗ್ರಾಮ್‌ಗಳನ್ನೂ ಹೇಳಬೇಕು. ವಸ್ತುವಿನ ನಕಲು ಮಾಡುವ ಹಂಗನ್ನೇ ಬಿಟ್ಟು, ಬೆಳಕಿನದೇ ಆಕಾರಗಳನ್ನು ಅವರು ಗಾಜಿನ ಹಿಂದೆಯೂ ಮುಂದೆಯೂ ತೇಲಿಬಿಟ್ಟರು. ಮೇಲೆ ಕೆಳಗಿನ ನೋಟ ಕಳೆದುಹೋದದ್ದನ್ನು ಬೆಂಟನ್ ವಿಧಾನದ ಕೊರತೆ ಎಂದು ಎಂಜಿನಿಯರುಗಳು ಬರೆದರು. ಕಲಾವಿದರು ಅದೇ ಕೊರತೆಯಿಂದ ಬಣ್ಣ ಪಡೆದರು.

ಓರೆಬೆಳಕು:

ಚಿತ್ರಶಾಲೆ ಅವರೇ, ನೀವು ಹೇಳಿದ್ದು ನನ್ನ ಮಾತಿಗೇ ಬಲ ಕೊಡುತ್ತದೆ. ಬರ್ಕಾಟ್ ಕೃತಿಗೆ ದೀಪವನ್ನು ಒಂದಡಿ ಕೆಳಗೆ ಹಾಕಿದರೆ ಅವರು ಹಸಿರೆಂದು ಬಯಸಿದ್ದು ಕೆಂಪಾಗಿಯೋ ನೀಲಿಯಾಗಿಯೋ ಕಾಣುತ್ತದೆ. ವರ್ಣಚಿತ್ರಕ್ಕೆ ಯಾರಾದರೂ ಹೀಗೆ ಮಾಡಿದರೆ ನಾವು ಸುಮ್ಮನಿರುತ್ತೇವೆಯೇ?

ಜೆಲಟಿನ್ ಪದರ:

ಸಂರಕ್ಷಣೆಯ ಕೆಲಸ ಮಾಡುವವಳಾಗಿ ಒಂದು ಎಚ್ಚರಿಕೆ. ಬೆಳಕನ್ನು ಸಂಗ್ರಹಿಸಬೇಕು ಎನ್ನುತ್ತಿದ್ದೀರಿ, ಆ ಬೆಳಕೇ ಕೆಲವು ಫಲಕಗಳನ್ನು ತಿನ್ನುತ್ತದೆ ಎಂಬುದನ್ನೂ ನೆನಪಿಡಿ. ಬ್ಲೀಚ್ ಮಾಡಿದ ಸಿಲ್ವರ್ ಹ್ಯಾಲೈಡ್ ಹಾಲೊಗ್ರಾಮಿನಲ್ಲಿ ಬೆಳಕಿಗೆ ಮಿಡಿಯುವ ಬೆಳ್ಳಿಯ ಲವಣ ಉಳಿದಿರುತ್ತದೆ. ದಿನಗಟ್ಟಲೆ ತೀಕ್ಷ್ಣ ಬೆಳಕು ಬಿದ್ದರೆ ಅದು ನಿಧಾನವಾಗಿ ಕಪ್ಪಾಗುತ್ತದೆ, ಬಿಂಬ ಮಂಕಾಗುತ್ತದೆ. ಹಾಗಾಗಿ ಯಾರೂ ನೋಡದ ಹೊತ್ತಿನಲ್ಲಿ ದೀಪ ಆರಿರಬೇಕು. ಜನ ಹತ್ತಿರ ಬಂದಾಗ ಹೊತ್ತಿಕೊಳ್ಳುವ ಸೆನ್ಸರ್ ಹಾಕಿಸುವುದು ಸುಲಭದ ಉಪಾಯ. ಕಿಟಕಿಯ ಬಿಸಿಲು ಬೀಳುವ ಗೋಡೆ ಬೇಡವೇ ಬೇಡ.

ಡೈಕ್ರೊಮೇಟೆಡ್ ಜೆಲಟಿನ್, ಅಂದರೆ ಕ್ರೋಮಿಯಂ ಲವಣ ಬೆರೆಸಿ ಬೆಳಕಿಗೆ ಮಿಡಿಯುವಂತೆ ಮಾಡಿದ ಜೆಲಟಿನ್ ಫಲಕಗಳದ್ದು ಬೇರೆಯೇ ಕಥೆ. ಅವುಗಳಷ್ಟು ಪ್ರಖರವಾದ ಬಿಂಬ ಅಪರೂಪ, ಆದರೆ ತೇವ ಅವುಗಳ ಶತ್ರು. ಅದಕ್ಕೇ ಎರಡು ಗಾಜುಗಳ ನಡುವೆ ಅಂಟು ಹಾಕಿ ಅಂಚು ಮುಚ್ಚಿರುತ್ತಾರೆ. ಅಂಚಿನ ಒಂದು ಮೂಲೆಯಲ್ಲಿ ಅಂಟು ಬಿಟ್ಟರೂ ತೇವ ಒಳನುಗ್ಗುತ್ತದೆ, ಆ ಮೂಲೆಯಿಂದ ಬಿಂಬ ಅಳಿಯುತ್ತಾ ಬಂದು ಕೊನೆಗೆ ಸ್ವಚ್ಛ ಗಾಜು ಉಳಿಯುತ್ತದೆ. ಕೊಳ್ಳುವ ಮೊದಲು ಭೂತಗನ್ನಡಿ ಹಿಡಿದು ನಾಲ್ಕೂ ಅಂಚುಗಳನ್ನು ನೋಡಿ. ಮೂಲೆಯಲ್ಲಿ ಬಿಂಬವಿಲ್ಲದ ತಿಳಿಯಾದ ಪಟ್ಟಿ ಕಂಡರೆ ಹಾನಿ ಆಗಲೇ ಶುರುವಾಗಿದೆ ಎಂದು ತಿಳಿಯಿರಿ.

ಬಣ್ಣದ ಬಗ್ಗೆಯೂ ಒಂದು ಮಾತು. ಹೀಲಿಯಂ-ನಿಯಾನ್ ಲೇಸರಿನ ಕೆಂಪು 632.8 ನ್ಯಾನೊಮೀಟರ್. ಅದರಿಂದ ಮಾಡಿದ ಪ್ರತಿಫಲನ ಹಾಲೊಗ್ರಾಮ್ ಹಲವು ಬಾರಿ ಹಳದಿ ಅಥವಾ ಹಸಿರಾಗಿ ಕಾಣುತ್ತದೆ. ಸಂಸ್ಕರಣೆಯಲ್ಲಿ ಎಮಲ್ಷನ್ ಕುಗ್ಗಿ, ಪದರಗಳ ಅಂತರ ಕಡಿಮೆಯಾದದ್ದೇ ಕಾರಣ. ಕೆಲವು ಕಲಾವಿದರು ಟ್ರೈಎಥನೊಲಮೈನ್ ಎಂಬ ರಾಸಾಯನಿಕದಿಂದ ಪದರವನ್ನು ಬೇಕೆಂದೇ ಉಬ್ಬಿಸಿ, ಒಂದೇ ಕೆಂಪು ಲೇಸರಿನಿಂದ ಹಲವು ಬಣ್ಣ ಪಡೆದರು. ಗಾಳಿಯ ತೇವ ಹೆಚ್ಚಿದಾಗ ಜೆಲಟಿನ್ ಉಬ್ಬಿ ಬಣ್ಣ ಕೆಂಪಿನ ಕಡೆಗೆ ಸರಿಯುವುದು ಇದೇ ಕಾರಣಕ್ಕೆ. ಪ್ರದರ್ಶನಕ್ಕೆ ಹೋಗಿಬಂದ ಫಲಕದ ಬಣ್ಣ ಬೇರೆಯಾಗಿ ಕಂಡರೆ ದೀಪವನ್ನು ದೂರುವ ಮೊದಲು ಗಾಳಿಯ ತೇವಾಂಶ ಅಳೆಯಿರಿ.

ಫೋಟೊ ಫಿಲ್ಮ್ ತಯಾರಿಸುತ್ತಿದ್ದ ಆಗ್ಫಾ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಹಾಲೊಗ್ರಫಿಯ ಫಲಕಗಳನ್ನು ತಯಾರಿಸುವುದನ್ನು ನಿಲ್ಲಿಸಿತು. ಆ ಕಾಲದ ಕೃತಿ ಹಾಳಾದರೆ ಅದೇ ಎಮಲ್ಷನ್ನಿನಲ್ಲಿ ಮತ್ತೊಂದು ಪ್ರತಿ ತೆಗೆಯಲು ಆಗುವುದಿಲ್ಲ.

ಕಪ್ಪುಗೋಡೆ:

ನಾನು ಪ್ರದರ್ಶನ ಜೋಡಿಸುವವನು. ಇಲ್ಲಿ ಎಲ್ಲರೂ ಫಲಕ ಮತ್ತು ದೀಪದ ಬಗ್ಗೆ ಹೇಳಿದಿರಿ, ಮೂರನೆಯದಾದ ನೋಡುವವರ ಕಣ್ಣನ್ನು ಬಿಟ್ಟಿರಿ.

ಕಾಮನಬಿಲ್ಲಿನ ಹಾಲೊಗ್ರಾಮ್ ಮುಂದೆ ಒಬ್ಬ ಎತ್ತರದ ವ್ಯಕ್ತಿ, ಒಂದು ಮಗು, ಗಾಲಿಕುರ್ಚಿಯಲ್ಲಿ ಬಂದವರು ನಿಂತರೆ ಮೂವರಿಗೂ ಮೂರು ಬಣ್ಣ. ಇನ್ನೂ ತಗ್ಗಿನಲ್ಲಿದ್ದವರಿಗೆ ಏನೂ ಕಾಣದೆಯೂ ಇರಬಹುದು. ಎಲ್ಲವನ್ನೂ ಒಂದೇ ಎತ್ತರಕ್ಕೆ ತೂಗುಹಾಕುವ ಗ್ಯಾಲರಿಯ ರೂಢಿ ಇಲ್ಲಿ ಅನ್ಯಾಯ. ಮಕ್ಕಳಿಗೆ ಹತ್ತಿ ನಿಲ್ಲಲು ಮೆಟ್ಟಿಲು ಇಡುತ್ತೇನೆ, ಕೆಲವು ಫಲಕಗಳನ್ನು ತಗ್ಗಿನಲ್ಲೇ ಹಾಕಿ ಎಲ್ಲರಿಗೂ ಆಸನ ಕೊಡುತ್ತೇನೆ. ನೆಲದ ಮೇಲೆ ಒಂದು ಚಿಕ್ಕ ಪಟ್ಟಿ ಅಂಟಿಸುತ್ತೇನೆ. ಅದರ ಮೇಲೆ ನಿಂತವರು ತಾವಾಗಿಯೇ ಎಡಬಲಕ್ಕೆ ತೂಗಲು ಶುರುಮಾಡುತ್ತಾರೆ, ಆಗ ಕೃತಿ ತೆರೆದುಕೊಳ್ಳುತ್ತದೆ.

ಮುಂದಿನಿಂದ ಬೀಳುವ ದೀಪವನ್ನು ತೀರಾ ಹಿಂದೆ ಹಾಕಿದರೆ ನೋಡುವವರ ತಲೆಯ ನೆರಳೇ ಫಲಕದ ಮೇಲೆ ಬಿದ್ದು ಬಿಂಬ ಮಾಯವಾಗುತ್ತದೆ. ಪಕ್ಕದ ಕೃತಿಯ ದೀಪದ ಬೆಳಕು ಸೋರಿ ಬಂದರೆ ಬೇರೆ ಜಾಗದಲ್ಲಿ ಎರಡನೆಯ ಮಸುಕು ಬಿಂಬ ಹುಟ್ಟುತ್ತದೆ. ಹಲವು ಎಲ್‌ಇಡಿ ಚುಕ್ಕಿಗಳಿರುವ ದೀಪ ಹಾಕಿದರಂತೂ ಚುಕ್ಕಿಗೊಂದು ಬಿಂಬ. ಬೆಳಕು ಹೊರಡುವ ಜಾಗ ಚಿಕ್ಕದಾದಷ್ಟೂ ಬಿಂಬ ಹರಿತ. ಫಲಕದಿಂದ ದೂರ ಚಾಚಿದ ಭಾಗಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ, ಗಾಜಿಗೆ ತಾಗಿದಂತಿರುವ ಭಾಗ ಟ್ಯೂಬ್‌ಲೈಟಿನಲ್ಲೂ ಅಷ್ಟಿಷ್ಟು ಕಾಣುತ್ತದೆ.

ಹ್ಯಾಲೊಜನ್ ಬದಲು ಎಲ್‌ಇಡಿ ಹಾಕಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಹಾಕಬಹುದು, ಹಾಕುತ್ತೇನೆ. ಆದರೆ ಸಾಮಾನ್ಯ ಬಿಳಿ ಎಲ್‌ಇಡಿಯಲ್ಲಿ ನೀಲಿ ಉಬ್ಬಿರುತ್ತದೆ, ಕಡುಗೆಂಪು ಕೊಂಚ ಬಡವಾಗಿರುತ್ತದೆ. ಕೆಂಪು ಪ್ರಧಾನವಾದ ಕೃತಿಗೆ ಬೆಚ್ಚನೆಯ ಬಿಳಿ ಆರಿಸಬೇಕು, ಸಾಧ್ಯವಿದ್ದರೆ ಹಳೆಯ ಹ್ಯಾಲೊಜನ್ ಪಕ್ಕದಲ್ಲಿಟ್ಟು ಹೋಲಿಸಬೇಕು.

ಚಿತ್ರಶಾಲೆ:

ಇದಕ್ಕಿಂತ ದೊಡ್ಡ ಸಮಸ್ಯೆ ಲಾಯ್ಡ್ ಕ್ರಾಸ್ ಬಗೆಯ ಸಿಲಿಂಡರ್ ಹಾಲೊಗ್ರಾಮ್‌ಗಳದ್ದು. ತಿರುಗುತ್ತಿರುವ ವ್ಯಕ್ತಿಯನ್ನು ಸಿನಿಮಾ ಕ್ಯಾಮೆರಾದಲ್ಲಿ ತೆಗೆದು, ಪ್ರತಿ ಚೌಕಟ್ಟನ್ನೂ ಒಂದು ತೆಳು ಉದ್ದುದ್ದ ಪಟ್ಟಿಯ ಹಾಲೊಗ್ರಾಮ್ ಮಾಡಿ, ಎಲ್ಲವನ್ನೂ ಸಾಲಾಗಿ ಫಿಲ್ಮಿನ ಮೇಲೆ ಜೋಡಿಸಿದ ವಿಧಾನ. ಅವರ 'ದಿ ಕಿಸ್' ಬಹಳ ಹೆಸರಾದದ್ದು. ಮುಂದೆ ನಡೆದು ಹೋದಂತೆ ಹೆಂಗಸೊಬ್ಬಳು ಮುತ್ತು ಹಾರಿಸಿ ಕಣ್ಣು ಮಿಟುಕಿಸುತ್ತಾಳೆ. ಅದನ್ನು ಬೆಳಗಲು ಕೆಳಗೆ, ನೆಟ್ಟಗೆ ನಿಂತ ಒಂದೇ ತಂತುವಿನ ತಿಳಿಗಾಜಿನ ಬಲ್ಬು ಬೇಕು. ಆ ಬಲ್ಬುಗಳು ಅಂಗಡಿಗಳಿಂದ ಮರೆಯಾಗುತ್ತಿವೆ. ಸಿಲಿಂಡರ್ ಇಟ್ಟುಕೊಂಡವರು ಬಲ್ಬನ್ನೂ ಕೃತಿಯ ಭಾಗವೆಂದು ಪಟ್ಟಿಮಾಡಿ, ಹೆಚ್ಚುವರಿ ತೆಗೆದಿಡಬೇಕು.

ಗಾಜುಫಲಕ:

ಲೇಸರ್ ಬೇಡುವ ಫಲಕಗಳಿಗೂ ಇದೇ ಮಾತು. ಕ್ಷಣಮಾತ್ರ ಮಿಂಚುವ ಮಾಣಿಕ್ಯದ ಸ್ಪಂದ ಲೇಸರಿನಿಂದ, ಅಂದರೆ 694 ನ್ಯಾನೊಮೀಟರಿನ ಕೆಂಪಿನಲ್ಲಿ, ತೆಗೆದ ಮನುಷ್ಯರ ಭಾವಚಿತ್ರಗಳನ್ನು ಕೆಲವರು ಹಸಿರು ಲೇಸರಿನಲ್ಲಿ ತೋರಿಸುತ್ತಾರೆ. ಬಿಂಬ ಬರುತ್ತದೆ, ಆದರೆ ಅದರ ಜಾಗ, ಗಾತ್ರ, ಆಳ ಬದಲಾಗುತ್ತವೆ. ಮುಖದ ಭಾವಚಿತ್ರದಲ್ಲಿ ಅದು ಸಣ್ಣ ವಿಷಯವಲ್ಲ. ಬದಲಿಸಲೇಬೇಕಾದರೆ ಬದಲಿಸಿದ್ದೇವೆ ಎಂದು ಫಲಕದ ಪಕ್ಕದ ಬರಹದಲ್ಲಿ ಹೇಳಿ. ಲೇಸರ್ ಕಿರಣವನ್ನು ಲೆನ್ಸಿನಿಂದ ಅಗಲಿಸಿ, ಬರಿಗಣ್ಣಿಗೆ ನೇರವಾಗಿ ತಾಗದಂತೆ ಮರೆಮಾಡುವುದು ಕಡ್ಡಾಯ.

ಹೊಸಕಣ್ಣು:

ಒಂದೇ ಹಾಲೊಗ್ರಾಮಿಗೆ ಹಲವು ಪ್ರತಿಗಳಿದ್ದರೆ ಮೂಲ ಯಾವುದು? ಮಾಸ್ಟರ್ ಕೊಂಡರೆ ಒಳ್ಳೆಯದೇ?

ಚಿತ್ರಶಾಲೆ:

ಮಾಸ್ಟರ್ ಎಂಬುದು ಸಾಮಾನ್ಯವಾಗಿ ಲೇಸರಿನಲ್ಲಿ ಮಾತ್ರ ಕಾಣುವ ಮೊದಲ ಫಲಕ. ಅದರ ಬಿಂಬವನ್ನು ಎರಡನೆಯ ಫಲಕಕ್ಕೆ ಇಳಿಸಿದಾಗಲೇ ನಾವು ಗೋಡೆಗೆ ಹಾಕುವ ಕೃತಿ ಹುಟ್ಟುವುದು. ಬಿಂಬವನ್ನು ಗಾಜಿನ ಮುಂದೆ ತರಬೇಕೋ, ಅರ್ಧ ಹಿಂದೆ ಅರ್ಧ ಮುಂದೆ ನಿಲ್ಲಿಸಬೇಕೋ ಎಂದು ಕಲಾವಿದರು ತೀರ್ಮಾನಿಸುವುದು ಈ ಎರಡನೆಯ ಹಂತದಲ್ಲಿ. ಆದ್ದರಿಂದ ಸಹಿ ಮಾಡಿದ ಎರಡನೆಯ ಫಲಕವೇ ಕೃತಿ ಎಂಬುದು ನನ್ನ ಅಭಿಪ್ರಾಯ. ಮಾಸ್ಟರ್ ಕಲಾವಿದರ ಬಳಿಯೋ ವಸ್ತುಸಂಗ್ರಹಾಲಯದಲ್ಲೋ ಇರುವುದು ಮೇಲು. ಖಾಸಗಿ ಕೈಗೆ ಹೋದರೆ ಯಾರು ಬೇಕಾದರೂ ಹೊಸ ಪ್ರತಿ ತೆಗೆದು ಕಲಾವಿದರು ನಿಗದಿಮಾಡಿದ ಸಂಖ್ಯೆಗೆ ಅರ್ಥವಿಲ್ಲದಂತಾಗುತ್ತದೆ.

ವಸ್ತುಸಂಗ್ರಹಾಲಯ ಎಂದಾಗ ನೆನಪಾಗುವುದು ರೋಸ್‌ಮೇರಿ ಜಾಕ್ಸನ್ 1976ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಮ್ಯೂಸಿಯಂ ಆಫ್ ಹಾಲೊಗ್ರಫಿ. 1992ರಲ್ಲಿ ಅದು ಮುಚ್ಚಿತು. ಸಂಗ್ರಹ ಚೆಲ್ಲಾಪಿಲ್ಲಿಯಾಗದೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು ಈ ಕಲೆಯ ಪುಣ್ಯ. ಫಲಕಗಳ ಜೊತೆಗೆ ಕಾಗದಪತ್ರಗಳೂ ಉಳಿದರೆ ಮಾತ್ರ ಮುಂದಿನವರು ಅವುಗಳನ್ನು ಬೆಳಗಿಸಬಲ್ಲರು. 2024ರಲ್ಲಿ ಲಾಸ್ ಏಂಜಲೀಸಿನ ಗೆಟ್ಟಿ ವಸ್ತುಸಂಗ್ರಹಾಲಯ ಲೂಯಿಸ್ ಬೂರ್ಜ್ವಾ, ಎಡ್ ರುಶೇ ಮುಂತಾದ ಕಲಾವಿದರು 1990ರ ದಶಕದಲ್ಲಿ ಮಾಡಿದ ಹಾಲೊಗ್ರಾಮ್‌ಗಳನ್ನು ಪ್ರದರ್ಶಿಸಿತು. ಕಲಾಲೋಕ ಇನ್ನೂ ಬಾಗಿಲು ಮುಚ್ಚಿಲ್ಲ.

ಓರೆಬೆಳಕು:

ಎಲ್ಲರ ಮಾತು ಕೇಳಿ ನನ್ನ ಫಲಕಗಳಿಗೆ ಚೀಟಿ ಬರೆಯಲು ಶುರುಮಾಡಿದ್ದೇನೆ. ಹಾಲೊಗ್ರಾಮಿನ ಬಗೆ, ದೀಪದ ದಿಕ್ಕು, ಕೋನ, ಫಲಕದ ಮಧ್ಯದಿಂದ ದೂರ, ದೀಪದ ಜಾತಿ, ಮಾಡುವಾಗ ಬಳಸಿದ ಲೇಸರ್, ಎಮಲ್ಷನ್, ಎಮಲ್ಷನ್ ಇರುವ ಮಗ್ಗುಲು, ಮುಖ್ಯ ಬಣ್ಣ ಕಾಣುವ ಕಣ್ಣಿನ ಎತ್ತರ, ಗಾಳಿಯ ತೇವಾಂಶ. ಫೋಟೊ ಒಂದೇ ಸಾಲದು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾ ತೆಗೆದ ವಿಡಿಯೊ ಕೂಡ ಇಡುತ್ತಿದ್ದೇನೆ. ಕಲಾವಿದರು ಬದುಕಿದ್ದರೆ ಅವರಿಂದಲೇ ಬರೆಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ಎರವಲು ಕೇಳುವವರು ಈ ಚೀಟಿಗೆ ಒಪ್ಪಿ ಸಹಿ ಮಾಡದಿದ್ದರೆ ಫಲಕ ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ಕಪ್ಪುಗೋಡೆ:

ಕೋನ ಬರೆಯುವಾಗ ಫಲಕದ ಸಮತಲದಿಂದ ಅಳೆದದ್ದೋ, ಫಲಕಕ್ಕೆ ಲಂಬವಾದ ಗೆರೆಯಿಂದ ಅಳೆದದ್ದೋ ಎಂದು ಸೇರಿಸಿ. 60 ಎಂದಷ್ಟೇ ಬರೆದರೆ ನಾನು 30ಕ್ಕೆ ದೀಪ ಹಾಕಿಬಿಡಬಹುದು.

ಹೊಸಕಣ್ಣು:

ಟಾರ್ಚ್ ಪರೀಕ್ಷೆ ಮಾಡಿದೆ. ಮುಂದಿನಿಂದ ಏನೂ ಇಲ್ಲ, ಹಿಂದಿನಿಂದ ಕೆಳಗೆ ಹಿಡಿದಾಗ ಬಿಂಬ ಬಂತು, ತಲೆ ಎತ್ತಿ ಇಳಿಸಿದರೆ ಬಣ್ಣ ಬದಲಾಗುತ್ತದೆ. ಕಾಮನಬಿಲ್ಲಿನದೇ! ದೀಪದ ದಿಕ್ಕಿಗೆ ಬಾಣದ ಗುರುತನ್ನು ಗಾಜಿನ ಅಂಚಿನಲ್ಲಿ ಮಾರ್ಕರಿನಿಂದ ಹಾಕಬಹುದೇ?

ಜೆಲಟಿನ್ ಪದರ:

ಗಾಜಿನ ಮೇಲೆ ಬೇಡ. ಒಂದು ಮಗ್ಗುಲಲ್ಲಿ ಎಮಲ್ಷನ್ ತೆರೆದೇ ಇರಬಹುದು, ಮಾರ್ಕರಿನ ದ್ರಾವಕ ಅದರೊಳಗೆ ಇಳಿಯುತ್ತದೆ. ಫ್ರೇಮಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬಾಣ ಬರೆಯಿರಿ. ಫ್ರೇಮ್ ಇಲ್ಲದಿದ್ದರೆ ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಫಲಕ ಇಟ್ಟು, ಲಕೋಟೆಯ ಮೇಲೆ ಬರೆಯಿರಿ. ಫಲಕ ಒಳಗಿರುವಾಗ ಬರೆಯಬೇಡಿ, ಮೊದಲು ಬರೆದು ಆಮೇಲೆ ಒಳಗಿಡಿ.